ಹತ್ತು ಕಡೆಯ ಜೋಳ

ಕಸ ಗುಡಿಸುವವಳು ಅವನ ಮೇಜಿನ ಅಂಚಿನವರೆಗೆ ಬಂದು ಪೊರಕೆ ನಿಲ್ಲಿಸಿದ್ದು ಯಾಕೆ ಎಂಬುದು ಬೆಳಗಿನಿಂದ ಅವನ ತಲೆ ಕೊರೆಯುತ್ತಿತ್ತು. ದಿನಾ ಅವಳು ಮೇಜಿನ ಅಡಿಗೂ ಕೈ ಚಾಚಿ ಗುಡಿಸುತ್ತಾಳೆ, “ಸ್ವಲ್ಪ ಕಾಲೆತ್ತಿ ಸಾರ್” ಎನ್ನುತ್ತಾಳೆ, ಅವನು ಎತ್ತುತ್ತಾನೆ, ಅಷ್ಟು ವ್ಯವಹಾರ ಮುಗಿದರೆ ದಿನ ಶುರುವಾದಂತೆ. ಇವತ್ತು ಮಾತಿಲ್ಲ, ಕತೆಯಿಲ್ಲ. ಪೊರಕೆಯ ಬುಡವನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹೊರಟೇಹೋದಳು. ಬೇರೆ ಕೆಲಸವಿದ್ದಿರಬೇಕು, ಗಂಡನ ಜೊತೆ ಜಗಳವಾಡಿ ಬಂದಿರಬೇಕು ಎಂದು ಸಮಾಧಾನ ಹೇಳಿಕೊಂಡ. ಆದರೆ ಮೇಜಿನ ಅಡಿಯಲ್ಲಿ ಉಳಿದುಹೋದ ನಾಲ್ಕು ಮೆಕ್ಕೆಜೋಳದ ಕಾಳುಗಳನ್ನು ನೋಡಿದಾಗಲೆಲ್ಲ ಅವಳು ಇವನ್ನು ಬೇಕೆಂದೇ ಬಿಟ್ಟಳು, ಯಾರೋ ಬಿಡಲು ಹೇಳಿದ್ದಾರೆ, ಮಧ್ಯಾಹ್ನದೊಳಗೆ ಬಂದು ಎತ್ತಿಕೊಂಡು ಹೋಗುತ್ತಾರೆ ಎನಿಸುತ್ತಿತ್ತು. ಕೊನೆಗೆ ತಾನೇ ಬಗ್ಗಿ ನಾಲ್ಕನ್ನೂ ಆರಿಸಿದ. ಆರಿಸಿದ ಮೇಲೆ ಎಲ್ಲಿ ಹಾಕುವುದೆಂದು ತೋಚದೆ ಕಿಟಕಿಯಿಂದ ಆಚೆ ಎಸೆದ. ಎಸೆದದ್ದನ್ನು ಯಾರಾದರೂ ಕಂಡರೋ ಎಂದು ನೋಡಿದರೆ, ತೂಕದ ಕಟ್ಟೆಯ ಮೇಲೆ ನಿಂತಿದ್ದ ಲಾರಿಯ ಚಾಲಕ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಇತ್ತಲೇ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಅಕ್ಕ ಚಿಕ್ಕಂದಿನಲ್ಲಿ ಅವನನ್ನು ರೇಗಿಸುತ್ತಿದ್ದಳು. ಇಲ್ಲಿ ಇನ್ನೂ ಯಾರೂ ಕಳ್ಳ ಎಂದೂ ಅಂದಿರಲಿಲ್ಲ.

ಅದು ಹಂದಿಗಳಿಗೆ ಫೀಡು ತಯಾರಿಸುವ ಮಿಲ್ಲು. ಜೋಳ, ಸೋಯಾ, ತೌಡು ಲಾರಿಗಳಲ್ಲಿ ಬಂದು, ಪುಡಿಯಾಗಿ, ಬೆರೆತು, ಚೀಲ ಸೇರಿ ಹೊರಗೆ ಹೋಗುತ್ತವೆ. ಬಂದ ಜೋಳಕ್ಕೆ ಬೂಷ್ಟು ಹಿಡಿದಿದೆಯೇ, ಬೂಷ್ಟಿನ ವಿಷ ಮಿತಿಯೊಳಗಿದೆಯೇ ಎಂದು ನೋಡಿ ಒಳಗೆ ಬಿಡುವುದೋ ವಾಪಸ್ಸು ಕಳಿಸುವುದೋ ಹೇಳುವುದು ಅವನ ಕೆಲಸ. ಆಳೆತ್ತರದ ಹಿತ್ತಾಳೆ ಕೊಳವೆ ಹಿಡಿದು ಲಾರಿ ಹತ್ತಬೇಕು, ಲೋಡಿನ ಹತ್ತು ಕಡೆ ಆಳಕ್ಕೆ ಚುಚ್ಚಿ ಕಾಳು ತೆಗೆಯಬೇಕು, ಬೆರೆಸಿ ನಾಲ್ಕು ಪಾಲು ಮಾಡಬೇಕು. ಒಂದು ಪಾಲನ್ನು ಬೀಸಿ ಪರೀಕ್ಷೆಯ ಪಟ್ಟಿ ಅದ್ದಿ ನೋಡುವುದು. ಒಂದು ಪಾಲನ್ನು ಸೀಸೆಗೆ ತುಂಬಿ, ಚೀಟಿ ಅಂಟಿಸಿ ಮೂರು ತಿಂಗಳು ಕಪಾಟಿನಲ್ಲಿಡುವುದು, ಮುಂದೆ ತಕರಾರು ಬಂದರೆ ಸಾಕ್ಷಿಗೆ. ಚಾಲಕರು ಅವನಿಗೆ ಚುಚ್ಚಪ್ಪ ಎಂದು ಹೆಸರಿಟ್ಟಿದ್ದರು. ಅವನ ಕೋಣೆಯಲ್ಲಿ ಒಂದು ಚಿಟಿಕೆ ಧೂಳು ಸಿಗುವುದಿಲ್ಲ, ಸೀಸೆಗಳೆಲ್ಲ ಮುಖ ಮುಂದೆ ಮಾಡಿ ಸಾಲಾಗಿ ನಿಂತಿರುತ್ತವೆ, ಪಟ್ಟಿಯನ್ನು ಐದು ನಿಮಿಷ ಅದ್ದಿಡಿ ಎಂದಿದ್ದರೆ ಅವನು ಐದು ನಿಮಿಷವೇ ಅದ್ದಿಡುತ್ತಾನೆ, ನಾಲ್ಕೂವರೆಯಲ್ಲ. ಹೊಸಬರು ಬಂದರೆ ಮ್ಯಾನೇಜರು ಮೊದಲು ಈ ಕೋಣೆ ತೋರಿಸುತ್ತಾರೆ. ಆ ಮ್ಯಾನೇಜರು ನಿನ್ನೆ ಸಂಜೆ ಬಾಗಿಲಲ್ಲಿ ನಿಂತು “ಏನ್ರೀ, ಆರಾಮಾ?” ಎಂದಿದ್ದರು. ಮೂರು ವರ್ಷದಲ್ಲಿ ಒಮ್ಮೆಯೂ ಕೇಳದ ಮನುಷ್ಯ ಇದ್ದಕ್ಕಿದ್ದಂತೆ ಇವನ ಆರಾಮದ ಬಗ್ಗೆ ಯಾಕೆ ಕೇಳಬೇಕು.

ರಸ್ತೆಯಾಚೆ ಅದೇ ಯಜಮಾನರ ಹಂದಿ ಫಾರಂ. ಮೂರು ವಾರದಿಂದ ಅಲ್ಲಿಂದ ಕೆಮ್ಮು ಕೇಳಿಸುತ್ತಿತ್ತು. ಹಂದಿಯ ಕೆಮ್ಮು ಮನುಷ್ಯರ ಕೆಮ್ಮಿನ ಹಾಗೇ ಇರುತ್ತದೆ. ಮೊದಲ ದಿನ ಅವನು ಯಾರೋ ಮುದುಕರು ಗೇಟಿನ ಹತ್ತಿರ ಕೂತಿದ್ದಾರೆ ಎಂದುಕೊಂಡಿದ್ದ. ಆಮೇಲೆ ಒಬ್ಬ ಮುದುಕ ಹತ್ತಾದ, ಹತ್ತು ನೂರಾಯಿತು. ತಾಯಿ ಹಂದಿಗಳು ತಿಂಗಳು ತುಂಬುವ ಮೊದಲೇ ಮರಿ ಹಾಕಿದವು. ನಿನ್ನೆಯವರೆಗೆ ನಲವತ್ತೊಂದು ಸತ್ತಿದ್ದವು. ಕೆಮ್ಮು ಕೇಳಿದಾಗಲೆಲ್ಲ ಅವನಿಗೆ ಆ ದಿನದ ಲಾರಿ ನೆನಪಾಗುತ್ತಿತ್ತು. ಆ ದಿನ ಸೊಂಟ ಹಿಡಿದುಕೊಂಡಿತ್ತು. ಏಣಿ ಹತ್ತುವಾಗ ಎಡಗಾಲಿನವರೆಗೆ ಮಿಂಚು ಹೊಡೆದಂತಾಗಿ, ಲೋಡಿನ ಮೇಲೆ ಹೋಗದೆ, ಹಿಂದಿನ ಹಲಗೆಯ ಹತ್ತಿರ ನಿಂತು ಕೈಗೆಟುಕಿದ ಒಂದೇ ಕಡೆ ಕೊಳವೆ ಚುಚ್ಚಿ ಇಳಿದುಬಿಟ್ಟಿದ್ದ. ಒಂದೇ ಕಡೆ. ನೋವಿದ್ದ ಮನುಷ್ಯ ಇನ್ನೇನು ಮಾಡಿಯಾನು ಎಂದು ಯಾರೂ ಕೇಳದಿದ್ದರೂ ಅವನು ಉತ್ತರ ಹೇಳಿಕೊಳ್ಳುತ್ತಿದ್ದ.

ಹಾಗೆ ನೋಡಿದರೆ ತಪ್ಪು ಸಿಕ್ಕಿತ್ತು, ತಪ್ಪು ಮಾಡಿದವನೂ ಸಿಕ್ಕಿದ್ದ. ಅವನು ಬೇರೆ ಯಾರೂ ಅಲ್ಲ, ಇವನ ಭಾವ, ಅಕ್ಕನ ಗಂಡ. ಫಾರಂನಲ್ಲಿ ತಾಯಿ ಹಂದಿಗಳ ಶೆಡ್ಡು ನೋಡಿಕೊಳ್ಳುವುದು ಭಾವನೇ. ಅವನದು ತೆಳ್ಳಗಿನ, ಉದ್ದನೆಯ ಕೈ. ಮರಿ ಅಡ್ಡ ಸಿಕ್ಕಿಕೊಂಡರೆ ಅದನ್ನು ತಿರುಗಿಸಿ ತರುವುದರಲ್ಲಿ ಸುತ್ತಮುತ್ತ ಅವನನ್ನು ಬಿಟ್ಟರಿಲ್ಲ. ಇನ್ನೊಂದು ಫಾರಂನ ಗೆಳೆಯನೊಬ್ಬ ಗೋಗರೆದನೆಂದು ಅಲ್ಲಿಗೆ ಹೋಗಿ ಒಂದು ಹಂದಿಗೆ ಹೆರಿಗೆ ಮಾಡಿಸಿ ಬಂದಿದ್ದ. ಬೇರೆ ಹಂದಿ ಮುಟ್ಟಿದವರು ಮೂರು ದಿನ ಶೆಡ್ಡಿಗೆ ಕಾಲಿಡಬಾರದು ಎಂಬುದು ಕಾನೂನು. ಭಾವ ಸ್ನಾನ ಮಾಡಿದ, ಬಟ್ಟೆ ಬದಲಾಯಿಸಿದ, ಬೂಟು ತೊಳೆದ, ಮರುದಿನ ಬೆಳಿಗ್ಗೆ ಒಳಗೆ ಹೋದ. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಆ ಫಾರಂನಲ್ಲಿ ಕೆಮ್ಮಿನ ವೈರಸ್ಸು ಇತ್ತೆಂದು ವಾರದ ಮೇಲೆ ಗೊತ್ತಾಯಿತು. ಗೊತ್ತಾದದ್ದೇ ತಡ, ಯಾರೂ ಕೇಳುವ ಮೊದಲೇ ಭಾವ ತಾನಾಗಿ ಮ್ಯಾನೇಜರ ಮುಂದೆ ಹೋಗಿ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದ್ದ. ಆ ಸುದ್ದಿ ಕೇಳಿದಾಗ ಇವನಿಗೆ ಆದದ್ದು ಸಂತೋಷ. ಹೌದು, ಅದಕ್ಕೆ ಬೇರೆ ಹೆಸರಿಲ್ಲ. ಅನುಕಂಪದ ಮುಖ ಮಾಡಿಕೊಂಡು ಅಕ್ಕನ ಮನೆಗೆ ಹೋಗಿ, ಬಾಗಿಲಾಚೆ ಒಣಗಲು ಇಟ್ಟ ಬೂಟುಗಳನ್ನು ನೋಡಿ, ಅವುಗಳ ಅಡಿಯಲ್ಲಿ ಮಣ್ಣು ಉಳಿದಿದೆಯೇ ಎಂದು ಹುಡುಕಿದ್ದ. ಉಳಿದಿರಲಿ ಎಂದು ಹಾರೈಸಿದ್ದ. ಹೇಳಿಬಿಟ್ಟವನ ಮೇಲೆ ಹೇಳದವನಿಗೆ ಎಂಥ ಸಿಟ್ಟು ಬರುತ್ತದೆ ಎಂಬುದು ಆಗ ಅವನಿಗೆ ತಿಳಿಯಿತು.

“ಒಳಗೆ ಬರಬಹುದಾ?” ಎಂದು ಕೇಳಿಕೊಂಡೇ ಡಾಕ್ಟರಮ್ಮ ಒಳಗೆ ಬಂದರು. ಹಂದಿಗಳಿಗಾಗಿ ಕರೆಸಿದ ಡಾಕ್ಟರು. ಐವತ್ತರ ಆಸುಪಾಸು, ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ನು. ಕೂರಿ ಎಂದರೂ ಕೂರದೆ ಕಪಾಟಿನ ಮುಂದೆ ನಿಂತು ಸೀಸೆಗಳನ್ನು ಒಂದೊಂದಾಗಿ ನೋಡಿದರು. ಯಾವ ಸೀಸೆ ಬೇಕೆಂದು ಅವರಿಗೆ ಮೊದಲೇ ಗೊತ್ತಿತ್ತು, ಸುಮ್ಮನೆ ಇವನ ಉಸಿರು ನೋಡುತ್ತಿದ್ದಾರೆ ಎಂದು ಅವನಿಗೆ ಖಾತ್ರಿಯಾಯಿತು. ಕೊನೆಗೆ ಆ ಲೋಡಿನ ಸೀಸೆ ತೆಗೆದು ಬೆಳಕಿಗೆ ಹಿಡಿದರು.

“ಚೊಕ್ಕ ಇದೆ.”

“ಹೌದು ಮೇಡಂ. ಮೂರು ಸಲ ಪಟ್ಟಿ ಹಾಕಿ ನೋಡಿದೀನಿ.”

“ಅದೇ ನಂಗೆ ತಲೆನೋವಾಗಿರೋದು.” ಅವರು ಸೀಸೆಯನ್ನು ಕೆಳಗಿಡಲಿಲ್ಲ. “ಆ ಇನ್ನೊಂದು ಫಾರಂನಲ್ಲೂ ಇದೇ ವೈರಸ್ಸು. ಅಲ್ಲಿ ಅರವತ್ತು ಕೆಮ್ಮಿದ್ವು, ಎರಡು ಸತ್ವು, ಉಳಿದವು ಹತ್ತು ದಿನಕ್ಕೆ ಎದ್ದು ತಿನ್ನೋಕೆ ಶುರು ಮಾಡಿದ್ವು. ಇಲ್ಲಿ ಏಳ್ತಾನೇ ಇಲ್ಲ. ಕೊಯ್ದು ನೋಡಿದ್ರೆ ಶ್ವಾಸಕೋಶ ಗಟ್ಟಿಯಾಗಿದೆ, ಸರಿ, ಅದು ಕೆಮ್ಮಿನ ರೋಗ. ಕರುಳು ಯಾಕೆ ಕೆಂಪಗೆ ಊದ್ಕೊಂಡಿರಬೇಕು ಹೇಳಿ?”

ಸೀಸೆ ತೆಗೆದ ಜಾಗ ಖಾಲಿ ಕಾಣದಂತೆ ಅವನು ಪಕ್ಕದ ಸೀಸೆಗಳನ್ನು ಸರಿಸಿದ.

“ಬೂಷ್ಟಿನ ವಿಷ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಹೋದ್ರೆ ಹಂದಿ ಸಾಯಲ್ಲ. ಒಂದು ಹಿಡಿ ಕಡಿಮೆ ತಿನ್ನುತ್ತೆ, ನಾವು ನೋಡೋದೂ ಇಲ್ಲ. ಆದ್ರೆ ಕರುಳಿನ ಒಳಪದರ ಸವೀತಾ ಹೋಗುತ್ತೆ, ಮೈಯೊಳಗೆ ಸಣ್ಣಗೆ ಉರಿ ಹತ್ತಿರುತ್ತೆ. ಅದರ ಮೇಲೆ ವೈರಸ್ ಬಂತು ಅನ್ನಿ. ರೋಗ ಓಡಿಸೋಕೆ ಮೈಯೇ ಹಚ್ಚೋ ಬೆಂಕಿ ಇದೆಯಲ್ಲ, ಅದನ್ನ ಎಲ್ಲಿ ಆರಿಸ್ಬೇಕು ಅಂತ ಮೈಗೆ ಗೊತ್ತಾಗಲ್ಲ. ವೈರಸ್ಸು ಕಾಲು ಕಿತ್ತ ಮೇಲೂ ಉರೀತಾನೇ ಇರುತ್ತೆ. ಈ ಹಂದಿಗಳು ತಮ್ಮ ಉರಿಯೂತದಲ್ಲೇ ಸಾಯ್ತಿದಾವೆ. ಒಂದೇ ಕಾರಣ ಆಗಿದ್ರೆ ಬದುಕ್ತಿದ್ವು. ಎರಡೂ ಸೇರ್ಕೊಂಡಿದೆ.”

“ಹಾಗಾದ್ರೆ ತಪ್ಪು ಯಾರದು ಅಂತಾಯ್ತು?” ಎಂದ. ಇಷ್ಟು ಬೇಗ ಕೇಳಬಾರದಿತ್ತು.

“ನಾನು ಹಂದಿ ಡಾಕ್ಟರು ಕಣ್ರೀ, ತಪ್ಪಿನ ಡಾಕ್ಟರಲ್ಲ.” ಅವರು ನಗಲಿಲ್ಲ. “ಫಾರಂನ ತೊಟ್ಟಿಯಲ್ಲಿದ್ದ ಫೀಡು ಪರೀಕ್ಷೆಗೆ ಕಳಿಸಿದ್ದೆ. ವಿಷ ಇದೆ. ಮಿಲ್ಲಿಂದ ಬಂದಾಗ ಇರಲಿಲ್ಲ, ನಿಮ್ಮ ಸೀಸೆ ಹೇಳುತ್ತೆ. ಹಾಗಾಗಿ ಫಾರಂನಲ್ಲಿ ಫೀಡಿನ ತೊಟ್ಟಿಯ ಮುಚ್ಚಳ ತೆಗೆದಿಟ್ಟು ನೆನೆಸಿದಾರೆ ಅಂತ ಮ್ಯಾನೇಜರು. ಅದೂ ನಿಮ್ಮ ಭಾವನ ತಲೆಗೇ. ಆದ್ರೆ ಈ ವಿಷ ತೊಟ್ಟಿಯಲ್ಲಿ ಹುಟ್ಟೋ ಜಾತಿದಲ್ಲ, ಹೊಲದಲ್ಲೇ ತೆನೆಗೆ ಹತ್ತೋದು. ಹತ್ತು ದಿನ ಮುಚ್ಚಳ ತೆಗೆದಿಟ್ರೂ ಇಷ್ಟು ಬರೋದು ಕಷ್ಟ ಅಂದೆ. ‘ಕಷ್ಟ ಅಂದ್ರಿ, ಆಗಲ್ಲ ಅನ್ನಲಿಲ್ವಲ್ಲ’ ಅಂದ್ರು.” ಸೀಸೆಯನ್ನು ಮೇಜಿನ ಮೇಲಿಟ್ಟು ಅವನ ಕಡೆ ತಿರುಗಿದರು. “ಎಷ್ಟು ಕಡೆ ಚುಚ್ಚಿದ್ರಿ?”

“ಹತ್ತು ಕಡೆ. ರಿಜಿಸ್ಟರಲ್ಲಿದೆ.”

“ರಿಜಿಸ್ಟರ್ ನೋಡ್ದೆ. ಈಗ ನಿಮ್ಮನ್ನ ಕೇಳ್ತಿದೀನಿ.”

“ಹತ್ತು ಕಡೆ,” ಎಂದ. ಧ್ವನಿ ಚೆನ್ನಾಗಿಯೇ ಬಂತು. ಅವರು ಒಂದು ಗಳಿಗೆ ಅವನ ಅಂಗಿಯ ಗುಂಡಿಯನ್ನು ನೋಡಿ, ಕಿವಿಯ ಹಿಂದಿನ ಪೆನ್ನು ಮುಟ್ಟಿ ನೋಡಿಕೊಂಡು ಹೋದರು.

ಸುಳ್ಳು ಎಂದು ಹೇಳುವ ಹಾಗೂ ಇರಲಿಲ್ಲ ಎಂದು ಆಮೇಲೆ ಅವನು ತನ್ನೊಡನೆ ವಾದಿಸಿದ. ಆ ದಿನ ಒಂದೇ ಕಡೆ ತೆಗೆದ ಕಾಳನ್ನು ತಂದು ಈ ಮೇಜಿನ ಮೇಲೆ ಬಿಳಿಯ ಹಾಳೆ ಹಾಸಿ, ಅಡಿಗೋಲಿನಿಂದ ಎಳೆದು ಎಳೆದು ಹತ್ತು ಸಣ್ಣ ಗುಡ್ಡೆ ಮಾಡಿದ್ದ. ಎಲ್ಲ ಒಂದೇ ಗಾತ್ರ, ಎರಡು ಸಾಲು, ಸಾಲಿಗೆ ಐದು. ಪ್ರತಿ ಗುಡ್ಡೆಯಿಂದಲೂ ಒಂದಿಷ್ಟು ತೆಗೆದು ಬೆರೆಸಿ, ರಿಜಿಸ್ಟರಿನಲ್ಲಿ ‘ಹತ್ತು ಕಡೆ’ ಎಂದು ಬರೆದಿದ್ದ. ಬರೆದದ್ದಕ್ಕೂ ಮಾಡಿದ್ದಕ್ಕೂ ಒಂದು ತಾಳೆ ಇರಬೇಕಲ್ಲ. ಅಡಿಗೋಲು ಹಿಡಿದ ಕೈಗೆ ಎಲ್ಲಿಯೂ ತಡವರಿಕೆಯಾಗಲಿಲ್ಲ. ಅನ್ನ ಬೆಂದಿದೆಯೇ ನೋಡಲು ಒಂದಗುಳು ಸಾಕು ಎಂಬ ಗಾದೆಯನ್ನು ಅವನಿಗೆ ಈ ಕೆಲಸ ಕಲಿಸಿದ ಹಿರಿಯನ ಮುಂದೆ ಒಮ್ಮೆ ಹೇಳಿದ್ದ. ಆ ಹಿರಿಯ ಬೀಡಿ ಹೊಸಕಿ, “ಅನ್ನದ ಪಾತ್ರೆ ಕೆಳಗೆ ಇರೋದು ಒಂದೇ ಒಲೆ ತಮ್ಮಾ. ಈ ಲಾರಿಲಿ ಇಪ್ಪತ್ತು ಹೊಲದ ಜೋಳ ಇರುತ್ತೆ. ಬೂಷ್ಟು ಎಲ್ಲಾರ ಜೊತೆ ಬೆರೆಯಲ್ಲ, ಒಂದು ಮೂಲೆ ಹಿಡಿದು ಕೂತಿರುತ್ತೆ, ಹುಡುಕ್ಕೊಂಡು ಹೋಗ್ಬೇಕು” ಎಂದಿದ್ದ. ಆ ದಿನ ಹುಡುಕಿಕೊಂಡು ಹೋಗಲು ಎಲ್ಲಿ ಬಿಟ್ಟರು. ತುಂತುರು ಮಳೆ, ತಾಡಪಾಲು ಪೂರ್ತಿ ತೆಗೆದರೆ ಜೋಳ ನೆನೆಯುತ್ತದೆ ಎಂದು ಚಾಲಕ ಹಠ ಹಿಡಿದ, ಒಂದು ಮೂಲೆ ಮಾತ್ರ ಎತ್ತಿ “ಹೂಂ, ಚುಚ್ಚಪ್ಪ, ಚುಚ್ಚಪ್ಪಾ” ಎಂದು ನಗಾಡಿದ. ಆ ನಗು ಅವನ ಕಿವಿಯಲ್ಲಿ ಇನ್ನೂ ಇತ್ತು. ತನ್ನ ತಪ್ಪಿನಲ್ಲಿ ಚಾಲಕನ ಪಾಲೂ ಇದೆ ಎಂದು ಅವನಿಗೆ ಸ್ವಲ್ಪ ಹಗುರವಾಯಿತು.

ಹನ್ನೆರಡೂವರೆಗೆ ಅಕ್ಕನ ಫೋನು ಬಂತು. “ಊಟಕ್ಕೆ ಬಾ,” ಎಂದಳು. “ಯಾಕೆ?” ಎಂದ. “ಊಟಕ್ಕೆ ಯಾಕೆ ಬರ್ತಾರೋ, ಊಟ ಮಾಡೋಕೆ,” ಎಂದು ಇಟ್ಟುಬಿಟ್ಟಳು. ಅವಳು ಸುಮ್ಮನೆ ಕರೆಯುವವಳಲ್ಲ. ಡಾಕ್ಟರಮ್ಮ ಇಲ್ಲಿಂದ ನೇರ ಅಲ್ಲಿಗೆ ಹೋಗಿರಬೇಕು, ಮೂವರೂ ಕೂತು ಮಾತಾಡಿರಬೇಕು, ಊಟ ನೆಪ. ರಸ್ತೆ ದಾಟುವಾಗ ಫಾರಂನ ಕಾವಲಿನವನು ಕೈ ಎತ್ತಿದ. ಅದು ನಮಸ್ಕಾರವೋ, ನಿಲ್ಲು ಎಂದೋ ತಿಳಿಯದೆ ಇವನೂ ಅರ್ಧ ಕೈ ಎತ್ತಿದ. ಆ ದಿನವೂ ಹೀಗೇ ಅಕ್ಕನ ಫೋನು ಬಂದಿತ್ತು, ಲಾರಿಯ ಮೇಲಿದ್ದಾಗ. ಭಾವನಿಗೆ ಜ್ವರ, ಮಾತ್ರೆ ತಂದುಕೊಡು ಎಂದಿದ್ದಳು. ಅದಕ್ಕೇ ಒಂದೇ ಕಡೆ ಚುಚ್ಚಿ ಇಳಿದು ಓಡಿದ್ದ. ಅವರ ಮನೆಗಾಗಿ ಓಡಿದ ತಪ್ಪನ್ನು ಅವರೇ ಹೊರುವುದರಲ್ಲಿ ಅಂಥ ಅನ್ಯಾಯವೇನಿಲ್ಲ ಎಂಬ ಯೋಚನೆ ಬಂದು, ಬಂದದ್ದಕ್ಕೆ ನಾಚಿಕೆಯಾಗಿ, ರಸ್ತೆಯ ಮಧ್ಯೆ ನಿಂತುಬಿಟ್ಟ. ಹಿಂದೆ ಬಂದ ಗಾಡಿಯವನು ಬೈದ ಮೇಲೆ ದಾಟಿದ.

ಫಾರಂನ ಕಾಂಪೌಂಡಿಗೆ ಅಂಟಿಕೊಂಡು ಕೆಲಸಗಾರರ ಮನೆಗಳು, ಎರಡೆರಡು ಕೋಣೆ. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಅವ್ವ ತೀರಿಕೊಂಡ ಮೇಲೆ ಅಕ್ಕ ತನ್ನ ಮದುವೆಯ ಜೊತೆ ಅವನನ್ನೂ ಇದೇ ಮನೆಗೆ ತಂದಿದ್ದಳು. ಆಗ ಅವನಿಗೆ ಹನ್ನೊಂದು ವರ್ಷ. ಹೊಸ ಗಂಡ ಹೊಸ ಹೆಂಡತಿ ಇರುವ ಎರಡು ಕೋಣೆಯಲ್ಲಿ ಒಂದನ್ನು ಭಾವ ಅವನಿಗೆ ಬಿಟ್ಟುಕೊಟ್ಟಿದ್ದ, “ಓದೋ ಹುಡುಗ, ಅವನಿಗೆ ಬಾಗಿಲು ಬೇಕು” ಎಂದಿದ್ದ. ಈಗ ಆ ಭಾವ ಒಳಗೆ ಗೋಡೆಗೆ ಒರಗಿ ತಟ್ಟೆಯ ಮುಂದೆ ಕೂತಿದ್ದ. ಮೂರು ವಾರದಿಂದ ಅವನನ್ನು ಶೆಡ್ಡಿಗೆ ಬಿಟ್ಟಿರಲಿಲ್ಲ. ಕೆಲಸವಿಲ್ಲದ ಕೈಗಳು ಇನ್ನಷ್ಟು ಉದ್ದವಾದ ಹಾಗೆ ಕಾಣುತ್ತಿದ್ದವು. ಅವನು ತಲೆಯೆತ್ತಿ ನೋಡಿದ ರೀತಿಯಲ್ಲಿ ಎಲ್ಲ ಗೊತ್ತಾಗಿದೆ ಎಂದೇ ಇವನು ತಿಳಿದ. ಅಕ್ಕ ಬಡಿಸಿದಳು. ಗೋಡೆಯಾಚೆ ಒಂದು ಹಂದಿ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಭಾವ ಪ್ರತಿ ಕೆಮ್ಮಿಗೂ ತುತ್ತು ನಿಲ್ಲಿಸುತ್ತಿದ್ದ.

“ನಿನ್ನಿಂದ ಒಂದು ಉಪಕಾರ ಆಗ್ಬೇಕಲ್ಲೋ,” ಎಂದ ಭಾವ ಕೊನೆಗೆ.

ಬಂತು, ಎಂದುಕೊಂಡ ಇವನು.

“ಮ್ಯಾನೇಜರು ಒಂದು ಕಾಗದ ಬರೆದು ಕೊಡು ಅಂದಿದಾರೆ. ಬೂಟಿಂದು ಆಗ್ಲೇ ಹೇಳಿದೀನಿ. ಈಗ ತೊಟ್ಟಿ ಮುಚ್ಚಳದ್ದು. ನಾನೇ ತೆಗೆದಿಟ್ಟೆ, ಫೀಡು ಕೆಟ್ಟಿದ್ದು ನನ್ನಿಂದ ಅಂತ. ನನ್ನ ಅಕ್ಷರ ನಿಂಗೆ ಗೊತ್ತಲ್ಲ, ಕೋಳಿ ಕೆರೆದ ಹಾಗೆ. ನಿಂದು ಮುತ್ತು ಪೋಣಿಸಿದ ಹಾಗಿರುತ್ತೆ. ನೀನೇ ಬರೆದುಕೊಡು, ಸಹಿ ಹಾಕ್ತೀನಿ.”

“ತೆಗೆದಿಟ್ಟಿದ್ಯಾ ನೀನು?”

ಭಾವ ಬಹಳ ಹೊತ್ತು ತನ್ನ ಬಲಗೈಯನ್ನೇ ನೋಡಿದ. “ಹಾಕಿದ ನೆನಪಿದೆ ಕಣೋ. ಆದ್ರೆ ದಿನಾ ಹಾಕ್ತೀನಲ್ಲ, ಅದು ಯಾವ ದಿನದ ನೆನಪೋ ಏನೋ. ಹದಿನೆಂಟು ವರ್ಷದಿಂದ ಹಾಕಿದ ಕೈ ಇದು, ಇದೂ ಮೋಸ ಮಾಡುತ್ತೆ ಅಂದ್ರೆ ಏನು ಮಾಡೋದು. ನಿನ್ನ ಸೀಸೆ ಚೊಕ್ಕ ಇದೆ ಅಂದ್ಮೇಲೆ ನಾನೇ ಮರೆತಿರಬೇಕು. ನೀನು ಹತ್ತು ಕಡೆ ನೋಡದೆ ಬಿಡೋನಲ್ಲ. ಅಷ್ಟು ನಂಗೊತ್ತು.”

ಮೂರು ವಾರದಿಂದ ಎಲ್ಲರ ಕಣ್ಣಿನಲ್ಲೂ ಅನುಮಾನ ಕಂಡವನಿಗೆ, ಅನುಮಾನವೇ ಇಲ್ಲದ ಈ ಕಣ್ಣನ್ನು ಹೇಗೆ ನೋಡಬೇಕೆಂದು ತಿಳಿಯಲಿಲ್ಲ. ಕೈ ತೊಳೆದು ಬಂದು ಹಾಳೆ ತೆಗೆದುಕೊಂಡ. ‘ಮಾನ್ಯರೇ’ ಎಂದು ಬರೆದ. ‘ಫೀಡಿನ ತೊಟ್ಟಿಯ ಮುಚ್ಚಳವನ್ನು ನಾನು’ ಎಂದು ಬರೆದ. ‘ನಾನು’ ಎಂಬುದು ದುಂಡಗೆ, ಚೆನ್ನಾಗಿ ಬಂತು. ತನ್ನ ಅಕ್ಷರದಲ್ಲಿ ಬರೆದ ಆ ‘ನಾನು’ ಭಾವ ಎಂದು ಯಾರು ನಂಬುತ್ತಾರೆ ಎಂದು ಒಂದು ಕ್ಷಣ ಹೆದರಿದ. ಆಮೇಲೆ ಎಲ್ಲರೂ ನಂಬುತ್ತಾರೆ ಎಂಬುದೇ ಹೆಚ್ಚಿನ ಹೆದರಿಕೆಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ಇಲ್ಲಿ ಎಮ್ಮೆಯೇ ಬಂದು ಎತ್ತಿನ ಕೈಗೆ ಬರೆಯ ಕಬ್ಬಿಣ ಕೊಟ್ಟು, ನೀನೇ ಹಾಕು, ನಿನ್ನ ಕೈ ಚೆನ್ನ ಎನ್ನುತ್ತಿತ್ತು.

“ಭಾವ, ನಾನು ಒಂದೇ ಕಡೆ ಚುಚ್ಚಿದ್ದು.”

ಭಾವ ನೋಡಿದ. ಅವನ ಮುಖ ಮೊದಲು ಬದಲಾಗಲಿಲ್ಲ. ಆಮೇಲೆ ನಿಧಾನಕ್ಕೆ ಕಣ್ಣು ತುಂಬಿಕೊಂಡು, ಬಾಯಿ ನಕ್ಕಿತು. “ನೋಡೇ,” ಎಂದು ಅಡುಗೆಮನೆಯ ಕಡೆ ಕೂಗಿದ, “ನಿನ್ನ ತಮ್ಮ ನನ್ನ ಉಳಿಸೋಕೆ ಸುಳ್ಳು ಹೇಳೋದು ಕಲಿತಿದಾನೆ.”

“ಸುಳ್ಳಲ್ಲ ಭಾವ.”

“ಆಯ್ತು ಬಿಡೋ. ಇಷ್ಟು ಅಂದ್ಯಲ್ಲ, ಸಾಕು ನಂಗೆ. ಆಚೆ ಎಲ್ಲೂ ಬಾಯಿ ಬಿಡಬೇಡ, ಇಬ್ಬರ ಕೆಲ್ಸಾನೂ ಹೋದ್ರೆ ಇವಳು ಏನು ಮಾಡ್ತಾಳೆ. ಬರಿ, ಬರಿ.”

ಅವನ ಮೈಯೆಲ್ಲ ಸಡಿಲವಾಯಿತು. ನಿಜ ಹೇಳಿಯಾಗಿತ್ತು, ಏನೂ ಆಗಿರಲಿಲ್ಲ, ಬದಲಿಗೆ ಹೊಗಳಿಕೆ ಸಿಕ್ಕಿತ್ತು. ಇನ್ನು ಮೇಲೆ ಎಂದಾದರೂ ತನ್ನನ್ನು ತಾನು ಕೇಳಿಕೊಂಡರೆ, ಹೇಳಿದ್ದೇನಲ್ಲ, ಅವರು ನಂಬದಿದ್ದರೆ ನಾನೇನು ಮಾಡಲಿ ಎನ್ನಬಹುದು. ಈ ನೆಮ್ಮದಿ ಎಷ್ಟು ಹಿತವಾಗಿತ್ತೆಂದರೆ ಅದರ ಮೇಲೆಯೇ ಅವನಿಗೆ ಅನುಮಾನ ಬಂತು. ಬೆಳಿಗ್ಗೆ ಡಾಕ್ಟರಮ್ಮ ಎದುರು ನಿಂತು ಕೇಳಿದಾಗ ಹತ್ತು ಎಂದವನು, ಇಲ್ಲಿ ಒಂದು ಎಂದ. ನಿಜ ಹೇಳಿದರೆ ನಂಬುವವರ ಮುಂದೆ ಸುಳ್ಳು, ಹೇಳಿದರೂ ನಂಬದವನ ಮುಂದೆ ನಿಜ. ಭಾವ ನಂಬುವುದಿಲ್ಲ ಎಂದು ಗೊತ್ತಿದ್ದೇ ಹೇಳಿದೆನೇ? ಲಾರಿಯ ಹಲಗೆಯ ಹತ್ತಿರ ನಿಂತು ಕೈಗೆಟುಕಿದ್ದನ್ನು ಮಾತ್ರ ತೆಗೆದ ಹಾಗೆ ಇದನ್ನೂ ಮಾಡಿದೆನೇ? ಪೆನ್ನು ಕೈಯಲ್ಲೇ ಇತ್ತು.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳು ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಇವನು ಹನ್ನೊಂದು ವರ್ಷದವನಿದ್ದಾಗ ಹಲ್ಲುಜ್ಜಿದೆ ಎಂದರೆ ಬಾಯಿ ಮೂಸಿ ನೋಡುತ್ತಿದ್ದವಳು. ಬಂದು ಅವನ ಕೈಯಿಂದ ಪೆನ್ನು ತೆಗೆದುಕೊಂಡು ಕಿಟಕಿಯ ಮೇಲಿಟ್ಟಳು.

“ಎಷ್ಟು ಕಡೆ?”

“ಒಂದು.”

“ನಡಿ.”

“ಎಲ್ಲಿಗಕ್ಕ?”

“ಡಾಕ್ಟರಮ್ಮ ಶೆಡ್ಡಲ್ಲಿದಾರೆ. ಅಲ್ಲಿ ಹೇಳು.”

“ಏಯ್, ನಿಂಗೇನು ತಲೆ ಕೆಟ್ಟಿದೆಯೇನೇ,” ಎಂದು ಭಾವ ಎಂಜಲು ಕೈಯಲ್ಲೇ ಏಳಲು ಹೋದ. ಅಕ್ಕ ಅವನ ಕಡೆ ತಿರುಗಲಿಲ್ಲ. ತಮ್ಮನ ಮಣಿಕಟ್ಟು ಹಿಡಿದಳು. ರಸ್ತೆ ದಾಟಿಸುವಾಗಲೂ ಅವಳು ಹೀಗೇ ಮಣಿಕಟ್ಟು ಹಿಡಿಯುತ್ತಿದ್ದಳು, ಬೆರಳು ಹಿಡಿದರೆ ಜಾರುತ್ತದೆ ಎಂದು. ಮೂವತ್ತರ ಹತ್ತಿರದ ಗಂಡಸನ್ನು ಹೀಗೆ ಕೈ ಹಿಡಿದು ಎಳೆದುಕೊಂಡು ಹೋಗುವುದನ್ನು ಸಾಲು ಮನೆಗಳ ಹೆಂಗಸರು ನೋಡಿದರು. ಬಟ್ಟೆ ಒಗೆಯುತ್ತಿದ್ದ ಒಬ್ಬಳು ಒಗೆಯುವುದು ನಿಲ್ಲಿಸಿದಳು. ನೋಡಲಿ ಎಂದುಕೊಳ್ಳಲು ಅವನಿಂದ ಆಗಲಿಲ್ಲ. ಕಿವಿ ಸುಡುತ್ತಿತ್ತು. ಮನಸ್ಸು ಮಾತ್ರ ಆಗಲೇ ಹೇಳಬೇಕಾದ ಮಾತು ಜೋಡಿಸುತ್ತಿತ್ತು: ಮೇಡಂ, ಆ ದಿನ ಏನಾಯಿತೆಂದರೆ.

ಶೆಡ್ಡಿನ ಬಾಗಿಲಲ್ಲಿ ಔಷಧಿ ನೀರಿನ ತೊಟ್ಟಿ. ಕಾಲು ಅದ್ದದೆ ಒಳಗೆ ಹೋಗುವಂತಿಲ್ಲ, ಹೊರಗಿನವರು ಅದ್ದಿದರೂ ಹೋಗುವಂತಿಲ್ಲ. ಅಕ್ಕ ಈಚೆಯೇ ನಿಂತು ಕೂಗಿದಳು. ಒಳಗಿನ ಬಿಸಿ ಗಾಳಿಯ ಜೊತೆ ಹುಳಿ ಹುಳಿಯಾದ ಒಂದು ವಾಸನೆ ಬಂತು. ಹತ್ತಿರದ ಕಟಕಟೆಯಲ್ಲಿ ಒಂದು ತಾಯಿ ಹಂದಿ ಪಕ್ಕಕ್ಕೆ ಬಿದ್ದುಕೊಂಡಿತ್ತು. ಅದರ ಹೊಟ್ಟೆ ಉಸಿರಿಗಿಂತ ಮೊದಲೇ ಏಳುತ್ತಿತ್ತು. ಕಿವಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮೂರು ವಾರದಿಂದ ಕೆಮ್ಮು ಕೇಳಿದ್ದನೇ ಹೊರತು ಅವನು ಒಂದನ್ನೂ ನೋಡಿರಲಿಲ್ಲ. ಅದರ ಕಣ್ಣು ಅವನ ಕಡೆಗಿತ್ತು. ಅದರಲ್ಲಿ ಏನೂ ಇರಲಿಲ್ಲ, ಬರೀ ಸುಸ್ತು. ತಪ್ಪೊಪ್ಪಿಕೊಳ್ಳಲು ಬಂದವನಿಗೆ ಮೊದಲ ಸಲ ಈ ಪ್ರಾಣಿಗಾಗಿ ಮರುಕ ಹುಟ್ಟಿತು.

ಡಾಕ್ಟರಮ್ಮ ಕೈಗವಸು ಕಳಚುತ್ತ ಬಂದರು. ಅಕ್ಕನ ಕೈಯನ್ನೂ ಅದರೊಳಗಿನ ಮಣಿಕಟ್ಟನ್ನೂ ನೋಡಿದರು.

“ಹೇಳು,” ಎಂದಳು ಅಕ್ಕ.

“ಒಂದೇ ಕಡೆ ಚುಚ್ಚಿದ್ದು ಮೇಡಂ. ಹತ್ತಲ್ಲ. ಸೀಸೆಲಿರೋದು ಒಂದು ಕಡೇದು.”

ಅವರು ಆಶ್ಚರ್ಯಪಡಲಿಲ್ಲ. ಕಿವಿಯ ಹಿಂದಿನ ಪೆನ್ನು ತೆಗೆದು, ಜೇಬಿನಿಂದ ಪುಸ್ತಕ ತೆಗೆದರು. “ಯಾವ ಲೋಡು? ದಿನ ಹೇಳಿ.”

ಹೇಳಲು ಬಾಯಿ ತೆರೆದ. ಆ ದಿನ ಸೊಂಟ ಹಿಡಿದುಕೊಂಡಿತ್ತು; ಆದರೆ ಸೊಂಟ ಹಿಡಿದದ್ದು ಚಳಿಯ ದಿನಗಳಲ್ಲಿ, ಈ ಜೋಳ ಬಂದದ್ದು ಬಿಸಿಲಿನ ದಿನಗಳಲ್ಲಿ. ತುಂತುರು ಮಳೆ, ಚಾಲಕನ ನಗು. ಅದು ಈ ಜೋಳದ ಲಾರಿಯಲ್ಲ, ಹೋದ ವರ್ಷದ್ದು, ಆ ಚಾಲಕ ಕೆಲಸ ಬಿಟ್ಟೇ ಆರು ತಿಂಗಳಾಗಿತ್ತು. ಅಕ್ಕನ ಫೋನು, ಭಾವನ ಜ್ವರ, ಮಾತ್ರೆ. ಅದು ಅದಕ್ಕೂ ಹಿಂದೆ. ಈ ಲೋಡಿನ ದಿನ ಯಾವುದು ಎಂದು ಹುಡುಕಿದ. ನೆನಪಿನಲ್ಲಿ ಅಂಥ ದಿನವೇ ಇರಲಿಲ್ಲ. ಏಣಿ, ಹಲಗೆ, ಕೈಗೆಟುಕಿದ ಜಾಗ, ಬಿಳಿಯ ಹಾಳೆ, ಎರಡು ಸಾಲು, ಸಾಲಿಗೆ ಐದು. ನೋವಿಲ್ಲದ, ಮಳೆಯಿಲ್ಲದ, ಫೋನಿಲ್ಲದ ಎಷ್ಟೋ ದಿನ. ನೆಪವಿದ್ದ ಮೂರು ದಿನಗಳನ್ನು ಮಾತ್ರ ಅವನು ಜೋಪಾನ ಮಾಡಿಟ್ಟುಕೊಂಡಿದ್ದ.

“ಯಾವ ಲೋಡು ಅಂತ ಕೇಳಿದೆ.”

“ಎಲ್ಲಾ,” ಎಂದ. “ಎಲ್ಲಾ ಲೋಡೂ. ಮೂರು ವರ್ಷದ್ದೂ.”

ಡಾಕ್ಟರಮ್ಮನ ಪೆನ್ನು ಹಾಳೆಯ ಮೇಲೆ ನಿಂತಿತು. ಈ ಮಿಲ್ಲಿನ ಫೀಡು ಎಷ್ಟು ಫಾರಂಗಳಿಗೆ ಹೋಗುತ್ತದೆ ಎಂದು ಅವರು ಕೇಳಲಿಲ್ಲ. ಮನಸ್ಸಿನಲ್ಲೇ ಎಣಿಸುತ್ತಿದ್ದಾರೆ ಎಂದು ಅವನಿಗೆ ತಿಳಿಯಿತು. ಮಣಿಕಟ್ಟಿನ ಮೇಲಿದ್ದ ಅಕ್ಕನ ಹಿಡಿತ ಸಡಿಲವಾಗಿ, ಕೈ ತಾನೇ ಕೆಳಗೆ ಬಂತು. ಅವನು ಯಾರ ಮುಖವನ್ನೂ ಓದಲು ಹೋಗಲಿಲ್ಲ. ಇನ್ನು ಯಾರ ಮೇಲೆ ಅನುಮಾನಪಡುವುದಕ್ಕೂ ಏನೂ ಉಳಿದಿರಲಿಲ್ಲ.

ಹಿಂದೆ ಯಾರೋ ಉಸಿರು ಬಿಟ್ಟ ಸದ್ದಾಯಿತು. ಭಾವ ಬಂದು ನಿಂತಿದ್ದ, ಬರಿಗಾಲಲ್ಲಿ, ಎಂಜಲು ಕೈ ಒಣಗಿಹೋಗಿತ್ತು. ಎಷ್ಟು ಕೇಳಿಸಿಕೊಂಡನೋ. ಅವನು ಇವನನ್ನು ನೋಡಲಿಲ್ಲ, ಬೈಯಲಿಲ್ಲ. ಆ ಬಲಗೈಯನ್ನು ಮುಂದೆ ಹಿಡಿದು, ತಿರುಗಿಸಿ, ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದ.

“ಹಾಗಾದ್ರೆ ಮುಚ್ಚಳ ನಾನು ಹಾಕಿದ್ದೆ,” ಎಂದ. ಅದನ್ನು ಯಾರಿಗೂ ಹೇಳಿದಂತಿರಲಿಲ್ಲ. “ಹಾಕಿದ್ದೆ ಕಣೇ ನಾನು.”